ಬಿಡು ಅಂದರು, ಬಿಟ್ಟಳು

ಬೇಕರಿಯವನ ಮಗಳ ಮೂಗಿನಿಂದ ರಕ್ತ ಚಿಮ್ಮಿ ತೀರ್ಪುಗಾರನ ಬಿಳಿ ಅಂಗಿಯ ಮೇಲೆ ಬಿದ್ದಾಗ, ಕುಲುಮೆಯ ಅಜ್ಜಿ ಸಭಾಂಗಣದ ಹಿಂದಿನ ಬೆಂಚು ಹತ್ತಿ ನಿಂತಿದ್ದಳು. ಅವಳಿಗೆ ಕಿವಿ ಅಷ್ಟಕ್ಕಷ್ಟೇ. ಮದುವೆಯಾಗಿ ಬಂದಾಗಿನಿಂದ ಕಬ್ಬಿಣ ಬಡಿಯುವ ಅಡಿಗಲ್ಲಿನ ಎದುರು ಕೂತವಳು. ಕಬ್ಬಿಣದ ಸದ್ದು ಅವಳ ಕಿವಿಯನ್ನು ಅರ್ಧ ತಿಂದು ಹಾಕಿತ್ತು. ಹಾಗಾಗಿ ಅವಳಿಗೆ ಕೇಳಿಸಿದ್ದು ಏನೂ ಇಲ್ಲ, ಕಂಡದ್ದಷ್ಟೇ. ಬಾಕ್ಸಿಂಗ್ ಪಂದ್ಯಕ್ಕೆ ಹಗ್ಗ ಕಟ್ಟಿದ ಚೌಕದೊಳಗೆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಅವುಚಿಕೊಂಡು ಜಗ್ಗಾಡುತ್ತಿದ್ದರು. ತೀರ್ಪುಗಾರ ನಡುವೆ ಕೈ ತೂರಿಸಿ ಏನೋ ಕೂಗಿದ. ಅವಳ ಮೊಮ್ಮಗಳು ಅರ್ಧ ಹೆಜ್ಜೆ ಹಿಂದೆ ಸರಿದು, ಭುಜ ತಿರುಗಿಸಿ, ಒಂದು ಏಟು ಹಾಕಿದಳು. ಆತ ಇನ್ನೂ ಜೋರಾಗಿ ಕೂಗಿದ. ಇವಳು ಇನ್ನೂ ಜೋರಾಗಿ ಹಾಕಿದಳು. ಮೂಗು ಮುರಿದದ್ದು ಆ ಎರಡನೆಯ ಏಟಿಗೆ.

ಎದುರಾಳಿ ನೆಲಕ್ಕೆ ಬಿದ್ದಳು. ಮೊಮ್ಮಗಳು ಎರಡೂ ಕೈ ಮೇಲೆತ್ತಿ ನಗುತ್ತಾ ನಿಂತಳು. ಗೆದ್ದೆ ಅಂದುಕೊಂಡಿದ್ದಳು ಪಾಪ.

ತೀರ್ಪುಗಾರ ಆ ಎತ್ತಿದ ಕೈಯನ್ನು ಹಿಡಿದು ಕೆಳಕ್ಕೆಳೆದ. ಬಿದ್ದವಳನ್ನು ಎಬ್ಬಿಸಿ, ಮೂಗಿಗೆ ಬಟ್ಟೆ ಒತ್ತಿಕೊಂಡಿದ್ದ ಅವಳ ಇನ್ನೊಂದು ಕೈಯನ್ನು ಮೇಲೆತ್ತಿದ. ಜನ ಎದ್ದು ನಿಂತು ಬೈಯತೊಡಗಿದರು. ಯಾರೋ ನೀರಿನ ಬಾಟಲಿ ಎಸೆದರು. ಅದು ಹುಡುಗಿಯ ಕಿವಿಗೆ ತಗುಲಿ ಕೆಳಗೆ ಉರುಳಿತು. ಅವಳು ಬಾಟಲಿಯನ್ನು ನೋಡಲಿಲ್ಲ. ಗುಂಪಿನಲ್ಲಿ ಅಪ್ಪನ ಮುಖ ಹುಡುಕುತ್ತಿದ್ದಳು. ಸಿಕ್ಕಿತು. ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅಜ್ಜಿಗೆ ಅನ್ನಿಸಿತು.

ಹುಡುಗಿಗೆ ಹನ್ನೆರಡು ವರ್ಷ. ಹುಟ್ಟಿದಾಗ ಅಂಗೈಯಗಲ ಇದ್ದಳು. ಅಜ್ಜಿ ಎತ್ತಿಕೊಂಡು, "ಇದೇನೇ ಇದು, ಒಂದು ಮೊಳೆಯಷ್ಟೂ ಇಲ್ವಲ್ಲ" ಅಂದಿದ್ದಳು. ಅಂದಿನಿಂದ ಮೊಳೆ ಅಂತಲೇ ಹೆಸರು ನಿಂತಿತು. ಶಾಲೆಯಲ್ಲೂ ಅದೇ, ಬೀದಿಯಲ್ಲೂ ಅದೇ.

ಅಪ್ಪ ಅವಳ ರಟ್ಟೆ ಹಿಡಿದು ಬೀದಿಯುದ್ದಕ್ಕೂ ದರದರ ಎಳೆದುಕೊಂಡು ಬಂದ. ಕೈಗೆ ಹಾಕಿದ ಗವಸು ಬಿಚ್ಚಲೂ ಬಿಡಲಿಲ್ಲ. ಸೈಕಲ್ ರಿಪೇರಿಯವನು ಟೈರಿನಿಂದ ತಲೆ ಎತ್ತಿ, "ಏನಪ್ಪಾ ಕಮ್ಮಾರ, ಮೊಳೆ ಬಗ್ಗಿತಂತೆ?" ಅಂದ. ಅಪ್ಪ ತಿರುಗಿ ನೋಡಿದ ರೀತಿಗೆ ಅವನು ಮತ್ತೆ ಟೈರಿನೊಳಗೆ ತಲೆ ಹಾಕಿದ.

ಕುಲುಮೆಯ ಬಾಗಿಲು ದಾಟಿದ್ದೇ ತಡ, ಮೊದಲ ಏಟು ಬಿತ್ತು.

"ಯಾಕೇ ಹೊಡೆದೆ ಆ ಹುಡುಗೀನ?"

"ಅವರೇ ಬಿಡು ಅಂದ್ರು."

"ಬಿಡು ಅಂದ್ಮೇಲೆ ಬಿಡ್ಬೇಕೋ ಬೇಡ್ವೋ?"

"ಬಿಟ್ನಲ್ಲಪ್ಪಾ!"

"ಸುಳ್ಳು ಬೇರೆ!" ಎರಡನೆಯದು ಬಿತ್ತು. "ಊರೆಲ್ಲ ನೋಡಿದೆ, ಬಿಟ್ಟಳಂತೆ!"

"ಬಿಟ್ಟೆ! ಅವರು ಎರಡು ಸಲ ಅಂದ್ರು, ಎರಡು ಸಲಾನೂ ಬಿಟ್ಟೆ!"

ಮೂರನೆಯದಕ್ಕೆ ಕೈ ಎತ್ತಿದಾಗ ಅಜ್ಜಿ ನಡುವೆ ಬಂದಳು. ಏಟು ಅವಳ ಹೆಗಲಿಗೆ ಬಿತ್ತು. ಮಗ ಕೈ ಇಳಿಸಿ, ಉಸಿರು ಬಿಡುತ್ತಾ ನಿಂತ.

"ನಂಗೂ ಹೊಡ್ದಾಯ್ತಲ್ಲ," ಅಂದಳು ಅಜ್ಜಿ. "ಇನ್ನು ಆ ತಿದಿ ಒಂದು ಉಳಿದಿದೆ. ಅದಕ್ಕೂ ಎರಡು ಹಾಕಿ ಹೋಗಿ ಮಲಗು."

ಮಗ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಸೋತಿದ್ದಕ್ಕೆ ಹೊಡೀಲಿಲ್ಲ ನಾನು. ಸುಳ್ಳು ಹೇಳಿದ್ದಕ್ಕೆ ಹೊಡ್ದೆ," ಅಂದ. ಅವನು ಹೊಡೆದ ಏಟಿಗಿಂತ ಆ ಮಾತು ಜೋರಾಗಿ ತಗುಲಿತು. ಹುಡುಗಿಯ ಮುಖ ಬಿಳಿಚಿಕೊಂಡಿತು. ಅಜ್ಜಿ ಅದನ್ನು ನೋಡಿದಳು. ಗೆದ್ದವರಿಗೆ ಕೊಡುವ ಬಟ್ಟಲು ಹೋದದ್ದು ಈ ಮಗುವಿಗೆ ದೊಡ್ಡದಲ್ಲ, ಅಪ್ಪ ತನ್ನ ಮಾತು ನಂಬಲಿಲ್ಲವಲ್ಲ, ಅದು ದೊಡ್ಡದು ಅಂತ ತಿಳಿಯಿತು. ಆದರೆ ನಂಬುವುದಕ್ಕೆ ಏನಿದೆ? ತಾನೇ ಕಣ್ಣಾರೆ ಕಂಡಿದ್ದಳಲ್ಲ.

ಆ ಸಂಜೆ ಸಮಾಧಾನ ಹೇಳುವವರು ಒಬ್ಬೊಬ್ಬರಾಗಿ ಬಂದರು. ಪಕ್ಕದ ಮನೆಯವಳು ತಲೆ ಸವರಿ, "ಹೋಗ್ಲಿ ಬಿಡು ಮಗಳೇ," ಅಂದಳು. ಹುಡುಗಿ ನೀರಿನ ಮಡಕೆಯನ್ನು ಗೋಡೆಗೆ ಬೀಸಿದಳು. ಬಟ್ಟೆ ಒಗೆಯುವ ಅಂಗಡಿಯ ಕೆಲಸ ಮುಗಿಸಿ ಬಂದ ಅವ್ವ, ಕೆಂಪಾದ ಕೆನ್ನೆಗೆ ಒದ್ದೆ ಬಟ್ಟೆ ಇಟ್ಟು, "ಹೋಗ್ಲಿ ಬಿಡು ಕಂದಾ, ಮುಂದಿನ ಸಲ ನೋಡೋಣ," ಅಂದಳು. ಊಟದ ತಟ್ಟೆ ಹಾರಿ ಬಾಗಿಲಿಗೆ ಬಡಿಯಿತು. ಸೈಕಲ್ ರಿಪೇರಿಯವನು ಹಗಲಿನ ಕುಚೇಷ್ಟೆಗೆ ತಪ್ಪೊಪ್ಪಿಗೆ ಎಂಬಂತೆ ಬಂದು, "ಸೋಲೋದು ಗೆಲ್ಲೋದು ಇದ್ದದ್ದೇ, ಬಿಡು ಅತ್ಲಾಗೆ," ಅಂದ. ಮೊಣಕಾಲ ಕೆಳಗೆ ಬಿದ್ದ ಒದೆಗೆ ಅವನು ಕುಂಟಿಕೊಂಡೇ ಮನೆಗೆ ಹೋದ.

"ಇದಕ್ಕೆ ದೆವ್ವ ಹೊಕ್ಕಿದೆ," ಅಂದಳು ಪಕ್ಕದ ಮನೆಯವಳು, ಚೂರಾದ ಮಡಕೆಯನ್ನು ಕಾಲಲ್ಲಿ ಸರಿಸುತ್ತಾ.

ಅಜ್ಜಿ ಕೂತಲ್ಲೇ ಕೂತಿದ್ದಳು. ಕಣ್ಣಿಗೆ ಕಬ್ಬಿಣದ ಚೂರು ಬಿದ್ದಾಗ ಎಲ್ಲಿದೆ ಅಂತ ಗೊತ್ತಾಗದೆ ಚುಚ್ಚುತ್ತಿರುತ್ತದಲ್ಲ, ಹಾಗೆ ಏನೋ ಚುಚ್ಚುತ್ತಿತ್ತು.

ಬೆಳಗ್ಗೆ ಕುಲುಮೆಯಿಂದ ಸದ್ದು ಬಂತು. ಮಗ ಇದ್ದಿಲು ತರಲು ಹೋಗಿದ್ದ. ಸದ್ದು ಕೆಲಸದ ಸದ್ದಲ್ಲ ಅಂತ ಅಜ್ಜಿಯ ಅರ್ಧ ಕಿವಿಗೂ ಗೊತ್ತಾಯಿತು. ಹೋಗಿ ನೋಡಿದರೆ ಹುಡುಗಿ ಹೋದ ವರ್ಷ ಗೆದ್ದ ಬಟ್ಟಲನ್ನು ಅಡಿಗಲ್ಲಿನ ಮೇಲಿಟ್ಟು ಚಮ್ಮಟಿಗೆಯಲ್ಲಿ ಜಜ್ಜುತ್ತಿದ್ದಳು. ಚಮ್ಮಟಿಗೆ ಅಂದರೆ ಉದ್ದ ಕಾವಿನ ಭಾರದ ಸುತ್ತಿಗೆ. ಎರಡು ಕೈಯಲ್ಲಿ ಎತ್ತಿ ತಲೆಯ ಮೇಲಿಂದ ಇಳಿಸುವಂಥದ್ದು. ಅವಳಿಗೆಂದೇ ಅಪ್ಪ ಒಂದು ಚಿಕ್ಕದನ್ನು ಮಾಡಿಕೊಟ್ಟಿದ್ದ. ರಜೆಯ ದಿನ ಅವಳೂ ಅಪ್ಪನ ಜಾಗದಲ್ಲಿ ನಿಂತು ಬಡಿಯುತ್ತಿದ್ದಳು. ಈಗ ಅವಳು ಎತ್ತಿದ್ದು ಅದನ್ನಲ್ಲ, ಅಪ್ಪನದನ್ನೇ. ಬಟ್ಟಲಿನ ಕಿವಿಗಳು ಕಿತ್ತು ಹಾರಿದ್ದವು. ಅಂಗೈ ಒಡೆದು ಕಾವಿನ ಮೇಲೆ ರಕ್ತ ಇಳಿದಿತ್ತು. ಕೈ ಜಾರಿದರೆ ಮುಂದೆ ಸಿಗುವುದು ಅವಳದೇ ಕಾಲು.

ಅಜ್ಜಿ ಒಳಗೆ ನುಗ್ಗಿ, "ಬಿಡು, ಮೊಳೆ!" ಅಂದಳು.

ಚಮ್ಮಟಿಗೆ ಬಿತ್ತು.

"ಏ, ಬಿಡೇ!"

ಮತ್ತೆ ಬಿತ್ತು, ಇನ್ನೂ ಜೋರಾಗಿ. ಬಟ್ಟಲು ಚಪ್ಪಟೆಯಾಯಿತು.

"ಬಿಡು ಅಂದ್ನಲ್ಲ!"

ಚಮ್ಮಟಿಗೆ ಮೇಲೆ ಹೋಯಿತು. ಅದು ಮೇಲೆ ಹೋಗುವಷ್ಟರಲ್ಲಿ ಅಜ್ಜಿಯ ಬಾಯಿ ಮುಚ್ಚಿಕೊಂಡಿತು, ಕಣ್ಣು ತೆರೆಯಿತು.

ಆ ಕುಲುಮೆಯಲ್ಲಿ ಮಾತು ಕಡಿಮೆ. ಕಬ್ಬಿಣ ಕಾದಿರುವಾಗ ಮಾತಿಗೆಲ್ಲಿ ಪುರುಸೊತ್ತು? ಗಂಡ ಹೋದ ಮೇಲೆ ಇಕ್ಕಳ ಅಜ್ಜಿಯ ಕೈಗೆ ಬಂದಿತ್ತು. ಅವಳು ಕೆಂಪಗೆ ಕಾದದ್ದನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು, ಎಲ್ಲಿ ಏಟು ಬೇಕೋ ಅಲ್ಲಿಗೆ ತಿರುಗಿಸಿ, "ಬಿಡು" ಅನ್ನುವಳು. ಚಮ್ಮಟಿಗೆ ಬೀಳಬೇಕು. ಇನ್ನೂ ತಿರುಗಿಸಿ, "ಬಿಡು". ಬೀಳಬೇಕು. ಯೋಚಿಸಬಾರದು, ಯೋಚಿಸಿದರೆ ಕಬ್ಬಿಣ ಆರುತ್ತದೆ. ನಿಲ್ಲಿಸುವುದಕ್ಕೆ ಮಾತೇ ಇಲ್ಲ. ಕೈಸುತ್ತಿಗೆಯಿಂದ ಬರಿಯ ಅಡಿಗಲ್ಲನ್ನು ಟಕ್ಕಂತ ಒಮ್ಮೆ ತಟ್ಟಿದರೆ ಮೇಲೆ ಹೋದ ಚಮ್ಮಟಿಗೆ ಮೇಲೆಯೇ ನಿಲ್ಲುತ್ತದೆ. ಮೊಳೆ ಈ ಎರಡನ್ನೂ ಕಲಿತದ್ದು ನಡೆಯುವುದಕ್ಕೂ ಮೊದಲು, ಗಾಳಿ ಊದುವ ತಿದಿಯ ಪಕ್ಕದ ಗೋಣಿಚೀಲದ ಮೇಲೆ ಮಲಗಿಕೊಂಡು.

ಅಜ್ಜಿ ನೆಲದ ಮೇಲಿದ್ದ ಕೈಸುತ್ತಿಗೆ ತೆಗೆದುಕೊಂಡು ಅಡಿಗಲ್ಲಿನ ಅಂಚಿಗೆ ತಟ್ಟಿದಳು. ಟಕ್.

ಚಮ್ಮಟಿಗೆ ಗಾಳಿಯಲ್ಲಿ ನಿಂತಿತು. ಹುಡುಗಿ ಏದುಸಿರು ಬಿಡುತ್ತಾ ಅದನ್ನು ಮೆಲ್ಲಗೆ ಕೆಳಗಿಳಿಸಿದಳು.

"ನಿನ್ನೆ ಆ ಮನುಷ್ಯನ ಸೀಟಿ ಎಲ್ಲಿತ್ತೇ?" ಕೇಳಿದಳು ಅಜ್ಜಿ.

"ನಾವಿಬ್ರೂ ಅವರ ಮೇಲೆ ಬಿದ್ವಿ. ಸೀಟಿ ದಾರ ಕಿತ್ತು ಎಲ್ಲೋ ಹೋಯ್ತು."

"ಅಲ್ಲೀವರೆಗೆ ಸೀಟಿ ಊದಿ ಬಿಡಿಸ್ತಿದ್ದ."

"ಹೂಂ."

"ಆಮೇಲೆ ಬಾಯಲ್ಲಿ ಕೂಗ್ದ."

"ಬಿಡು ಬಿಡು ಅಂದ್ರು. ಬಿಟ್ಟೆ. ನೀನೂ ನಂಬಲ್ಲ, ಅಲ್ವಾ?"

ಅಜ್ಜಿಗೆ ನಗು ಬರಬೇಕಿತ್ತು. ಬರಲಿಲ್ಲ. ಒಡೆದ ಅಂಗೈಯನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಳು. "ಅವನ ಬಿಡು ಬೇರೆ ಕಣೇ, ನಮ್ಮ ಬಿಡು ಬೇರೆ. ಅವನು ಹಿಡಿದದ್ದನ್ನ ಬಿಡು ಅಂದ. ನೀನು ಏಟು ಬಿಟ್ಟೆ."

ಹುಡುಗಿಯ ತುಟಿ ಅಲುಗುತ್ತಿತ್ತು. ಆ ಒಂದು ಮಾತನ್ನು ಒಳಗೊಳಗೇ ಹೊರಳಿಸಿ ಹೊರಳಿಸಿ ನೋಡುತ್ತಿದ್ದಂತಿತ್ತು.

"ಹಾಗಾದ್ರೆ ನಾನು ಸೋತಿಲ್ವಾ?"

ಸುಳ್ಳು ಹೇಳಿದರೆ ಆಗುತ್ತಿತ್ತು. ಅಜ್ಜಿ ಹೇಳಲಿಲ್ಲ. "ಸೋತೆ. ಆ ಮಗುವಿನ ಮೂಗು ಮುರಿದದ್ದೂ ನಿಜ. ಆದ್ರೆ ನೀನು ಸುಳ್ಳುಗಾತಿ ಅಲ್ಲ. ಮೃಗಾನೂ ಅಲ್ಲ."

ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದವಳು ಆಗ ಬಿಕ್ಕಿದಳು. ಅಜ್ಜಿಯ ಮಡಿಲಿಗೆ ತಲೆ ಗುದ್ದಿ ಗುದ್ದಿ ಅತ್ತಳು. ಅಜ್ಜಿಯ ಬಾಯಿಗೆ ಹೋಗ್ಲಿ ಬಿಡು ಅನ್ನುವುದು ಬಂದೇ ಬಂತು. ಹಲ್ಲು ಕಚ್ಚಿ ನುಂಗಿಕೊಂಡಳು.

ಮಗ ಇದ್ದಿಲ ಚೀಲ ಇಳಿಸುತ್ತಿದ್ದ ಹಾಗೇ ಅಜ್ಜಿ ಎಲ್ಲ ಹೇಳಿದಳು. ಅವನು ಮೈಮೇಲಿನ ಕರಿಪುಡಿ ಕೊಡವುತ್ತಾ ಕೇಳಿ, ಚಪ್ಪಟೆಯಾದ ಬಟ್ಟಲನ್ನು ನೋಡಿದ.

"ಅವ್ವಾ, ನೀನೂ ಇವಳ ಜೊತೆ ಸೇರ್ಕೊಂಡ್ಯಾ? ಬಿಡು ಅಂದ್ರೆ ಏನು ಅಂತ ಹನ್ನೆರಡು ವರ್ಷದ್ದಕ್ಕೆ ಗೊತ್ತಾಗಲ್ವಾ? ಅದೇನು ಕತ್ತೇನಾ?"

"ಯೋಚನೆ ಮಾಡಿದ್ರೆ ಗೊತ್ತಾಗುತ್ತೆ ಕಣೋ. ಯೋಚನೆ ಮಾಡ್ಬಾರ್ದು ಅಂತ ಹೇಳಿಕೊಟ್ಟವರು ಯಾರು? ನಾನೂ ನೀನೂನೇ ಅಲ್ವಾ?"

"ಕತೆ ಕಟ್ಬೇಡ. ಸೋತು ಹೊಡೆದಳು. ಹೊಡೆದು ಸುಳ್ಳು ಹೇಳಿದ್ಳು. ಅಷ್ಟೇ."

ಹುಡುಗಿ ತಿದಿಯ ಹಿಂದೆ ಹೋಗಿ ಮೊಣಕಾಲು ಅಪ್ಪಿ ಕೂತಳು.

ಆಗಲೇ ಬೇಕರಿಯವನು ಬಂದದ್ದು. ಬಾಗಿಲಲ್ಲಿ ನಿಂತಾಗ ಬೆಳಕೇ ಮರೆಯಾಯಿತು, ಅಂಥ ಆಳು. ತೋಳಿಗೆಲ್ಲ ಹಿಟ್ಟು. ಕೈಯಲ್ಲಿ ಒಲೆ ಕೆದಕುವ ಉದ್ದದ ಸಲಾಕೆ. ಆ ಸಲಾಕೆಯನ್ನು ತಟ್ಟಿಕೊಟ್ಟದ್ದೂ ಇದೇ ಕುಲುಮೆ.

"ಎಲ್ಲೋ ಅವಳು, ನಿನ್ನ ಹೆಣ್ಣು ಹುಲಿ?"

"ಹೊರಗೆ ನಿಂತು ಮಾತಾಡು," ಅಂದ ಮಗ.

"ನನ್ನ ಮಗಳಿಗೆ ರಾತ್ರಿಯೆಲ್ಲ ಉಸಿರಾಡೋಕಾಗ್ಲಿಲ್ಲ ಕಣೋ! ಮೂಗಿಗೆ ಬತ್ತಿ ತುರುಕಿ ಕೂರಿಸಿದ್ದಾರೆ! ಕಬ್ಬಿಣ ಬಡಿದು ಬಡಿದು ಮಕ್ಕಳನ್ನೂ ಬಡಿಯೋಕೆ ಕಲಿಸಿದ್ಯಾ? ನಿನ್ನ ಕುಲುಮೆಗೆ ಬೆಂಕಿ ಬೀಳ!"

"ಬೆಂಕಿ ದಿನಾ ಬೀಳುತ್ತಪ್ಪಾ, ಅದಕ್ಕೇ ಕುಲುಮೆ ಅನ್ನೋದು," ಅಂದಳು ಅಜ್ಜಿ. "ಕೂತ್ಕೋ. ನಾನು ಹೇಳೋದು ಕೇಳು."

ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. "ಆ ಪ್ರಾಣೀನ ಹೊರಗೆ ಕರೀರಿ," ಅಂತ ತಿದಿಯ ಕಡೆ ಸಲಾಕೆ ತೋರಿಸಿದ. ಮೊಳೆಗೆ ನಿನ್ನೆ ಬಾಯಿಗೆ ಬಂದದ್ದು ಬೈದವನು, ಎರಡು ಏಟು ಹಾಕಿದವನು, ಬೇರೆಯವರ ಬಾಯಲ್ಲಿ ಆ ಒಂದು ಮಾತು ಕೇಳಿ ತಡೆದುಕೊಳ್ಳಲಾರದಾದ. ಮಗ ನುಗ್ಗಿ ಬೇಕರಿಯವನ ಎದೆಗೆ ತಲೆಯಿಂದಲೇ ಗುದ್ದಿದ.

ಸಲಾಕೆ ಬೀಸಿ ಬಂತು. ಮಗನ ಎಡ ಭುಜದ ಮೇಲೆ ಬಿತ್ತು. ಒಣ ಸೌದೆ ಮುರಿದಂಥ ಸದ್ದು. ಅವನು ಕೂಗಲಿಲ್ಲ. ಬೇಕರಿಯವನ ಕೈಯನ್ನು ಬಾಗಿಲ ಚೌಕಟ್ಟಿಗೆ ಬಡಿದ, ಒಮ್ಮೆ, ಎರಡು ಬಾರಿ. ಸಲಾಕೆ ಕೈ ತಪ್ಪಿತು. ಇಬ್ಬರೂ ನೀರಿನ ತೊಟ್ಟಿಯ ಮೇಲೆ ಬಿದ್ದರು. ತೊಟ್ಟಿ ಮಗುಚಿ ಕುಲುಮೆಯ ನೆಲವೆಲ್ಲ ಕರಿ ಕೆಸರಾಯಿತು. ಬೇಕರಿಯವನು ಇವನ ಕಿವಿ ಕಚ್ಚಿದ. ಇವನು ಅವನ ಬಾಯಿಗೆ ಮೊಣಕೈ ಹಾಕಿದ. ಹಲ್ಲೊಂದು ರಕ್ತದ ಜೊತೆ ಹೊರಗೆ ಬಂತು. ಬೀದಿಯ ಜನ ಬಾಗಿಲಿಗೆ ಮುತ್ತಿಕೊಂಡರು, ಒಳಗೆ ಬರುವ ಧೈರ್ಯ ಯಾರಿಗೂ ಇಲ್ಲ.

ಬೇಕರಿಯವನು ಕೆಸರಿನಲ್ಲಿ ಜಾರಿ ಬೆನ್ನಡಿಯಾಗಿ ಬಿದ್ದ. ಅವನ ತಲೆ ಅಡಿಗಲ್ಲಿನ ಕೆಳಗಿನ ದಿಮ್ಮಿಗೆ ಒರಗಿ ನಿಂತಿತು. ಮಗನ ಕೈಗೆ ಚಮ್ಮಟಿಗೆ ಸಿಕ್ಕಿತು. ಎಡ ಭುಜ ಮುರಿದವನು ಹೇಗೆ ಎತ್ತಿದನೋ, ಎತ್ತಿದ. ಅವನ ಕಣ್ಣು ಕಣ್ಣಾಗಿರಲಿಲ್ಲ. ಅವನು ನೋಡುತ್ತಿದ್ದದ್ದು ಮನುಷ್ಯನ ತಲೆಯನ್ನಲ್ಲ, ಏಟು ಬೀಳಬೇಕಾದ ಜಾಗವನ್ನು.

ಬಾಗಿಲಲ್ಲಿದ್ದ ಅಷ್ಟೂ ಜನ ಕಿರುಚಿದರು. "ಬಿಡೋ! ಬಿಡು, ಬಿಡು! ಅವನನ್ನ ಬಿಡು!"

ಮಗನ ಭುಜ ಬಿಗಿಯುವುದನ್ನು ಅಜ್ಜಿ ಕಂಡಳು. ಇಷ್ಟು ವರ್ಷ ತನ್ನ ಬಾಯಿಂದ ಆ ಮಾತು ಹೊರಟಾಗಲೆಲ್ಲ ಬಿಗಿದ ಅದೇ ಭುಜ, ಅದೇ ಬಿಗಿ. ಅವಳ ಕೈ ಕೈಸುತ್ತಿಗೆಗೆ ಚಾಚಿತು. ಸುತ್ತಿಗೆ ಅಲ್ಲಿರಲಿಲ್ಲ.

ಟಕ್.

ಚಮ್ಮಟಿಗೆ ಹೊರಟೇ ಬಿಟ್ಟಿತ್ತು. ಬೇಕರಿಯವನ ಹಣೆಯಿಂದ ಗೇಣುದ್ದ ಮೇಲೆ ಬಂದು ನಿಂತಿತು. ನಡುಗುತ್ತಾ ನಿಂತಿತು.

ತಿದಿಯ ಹಿಂದಿನಿಂದ ಹುಡುಗಿ ಯಾವಾಗ ಬಂದಿದ್ದಳೋ ಯಾರೂ ನೋಡಿರಲಿಲ್ಲ. ಅಡಿಗಲ್ಲಿನ ಪಕ್ಕ ಮಂಡಿಯೂರಿದ್ದಳು. ಕೈಸುತ್ತಿಗೆ ಅವಳ ಒಡೆದ ಅಂಗೈಯಲ್ಲಿತ್ತು. ಅಪ್ಪನ ಕಣ್ಣನ್ನೇ ನೋಡುತ್ತಾ ಮತ್ತೊಮ್ಮೆ ತಟ್ಟಿದಳು. ಟಕ್.

ಮಗ ಚಮ್ಮಟಿಗೆಯನ್ನು ಪಕ್ಕಕ್ಕೆ ಇಳಿಸಿದ. ಅದು ಕೈಯಿಂದ ಜಾರಿ ಕೆಸರಿಗೆ ಬಿತ್ತು. ಅವನು ಬಾಗಿಲಲ್ಲಿದ್ದ ಜನರನ್ನು ನೋಡಿದ, ತನ್ನ ಅಂಗೈ ನೋಡಿದ, ಆಮೇಲೆ ಮಗಳನ್ನು.

"ಬಿಡು ಅಂದ್ರು," ಅಂದ. ದನಿ ಅವನದೇ ಅನ್ನಿಸಲಿಲ್ಲ. "ಅವರೆಲ್ಲ ಬಿಡು ಅಂದ್ರು. ನಾನು... ನನ್ನ ಕೈ ಹೊರಟುಹೋಗಿತ್ತು."

ಹುಡುಗಿ ತಲೆಯಾಡಿಸಿದಳು. "ಹೂಂ ಅಪ್ಪಾ. ಹಂಗೇ."

ಅವನು ಕೆಸರಿನಲ್ಲಿ ಕುಸಿದು ಕೂತ. ಮಗಳ ಕೆನ್ನೆಯಲ್ಲಿ ತನ್ನ ಬೆರಳುಗಳ ಗುರುತು ಇನ್ನೂ ಇತ್ತು. ಅದನ್ನು ಮುಟ್ಟಲು ಕೈ ಚಾಚಿ, ಮುಟ್ಟಲಾರದೆ ಹಿಂದೆಗೆದುಕೊಂಡ. ಹುಡುಗಿಯೇ ಆ ಕೈಯನ್ನು ಎಳೆದು ಕೆನ್ನೆಗಿಟ್ಟುಕೊಂಡಳು.

"ಯಾರಾದ್ರೂ ನನ್ನನ್ನ ಎಬ್ಬಿಸ್ತೀರಾ," ಅಂದ ಬೇಕರಿಯವನು ಕೆಳಗಿನಿಂದ, ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಬಿಡುತ್ತಾ, "ಇಲ್ಲಾ ನಿಮ್ಮ ಮನೆ ಕತೆ ಮುಗೀಲಿ ಅಂತ ಇಲ್ಲೇ ಬಿದ್ದಿರ್ಲಾ?"

ಅಜ್ಜಿ ಅವನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದಳು. ಸೊಸೆ ಓಡಿಬಂದು ಗಂಡನ ಭುಜಕ್ಕೆ ಬಟ್ಟೆ ಕಟ್ಟಿದಳು, ಕಟ್ಟುತ್ತಲೇ ಇಬ್ಬರನ್ನೂ ಬೈದಳು. ಆಗ ಜನರ ಕಾಲ ನಡುವಿನಿಂದ ಇನ್ನೊಬ್ಬಳು ತೂರಿಕೊಂಡು ಬಂದಳು. ಮೂಗಿನ ತುಂಬ ಬಿಳಿ ಪಟ್ಟಿ, ಎರಡು ಕಣ್ಣ ಸುತ್ತ ನೀಲಿ. ಅಪ್ಪ ಸಲಾಕೆ ಹಿಡಿದು ಹೊರಟದ್ದು ನೋಡಿ ಹಿಂದೆಯೇ ಓಡಿ ಬಂದಿದ್ದಳು.

ಮೊಳೆ ಎದ್ದು ನಿಂತಳು. ಕೈಸುತ್ತಿಗೆಯನ್ನು ಅಜ್ಜಿಯ ಕೈಗೆ ಕೊಟ್ಟಳು, ತಪ್ಪು ತಿಳಿಯದಿರಲಿ ಅಂತ.

"ನಮ್ಮ ಮನೇಲಿ ಬಿಡು ಅಂದ್ರೆ ಹೊಡಿ ಅಂತ," ಅಂದಳು. "ಬೇಕಂತ ಮಾಡ್ಲಿಲ್ಲ ನಾನು. ತಪ್ಪಾಯ್ತು."

ಬೇಕರಿಯವನ ಮಗಳು ಪಟ್ಟಿಯ ಹಿಂದಿನಿಂದ ಅವಳನ್ನು ಅಳೆದಳು. "ನಿಮ್ಮನೇಲಿ ಊಟಕ್ಕೆ ಬಾ ಅಂದ್ರೆ ಏನು? ಒದಿ ಅಂತಾನಾ?" ಅಂದಳು ಮೂಗು ಕಟ್ಟಿದ ದನಿಯಲ್ಲಿ.

ಮೊದಲು ನಕ್ಕವನು ಸೈಕಲ್ ರಿಪೇರಿಯವನು. ಅವನ ಕಾಲು ಇನ್ನೂ ನೋಯುತ್ತಿತ್ತು.

"ಈ ವರ್ಷದ ಬಟ್ಟಲು ನಂದೇ," ಅಂತ ಸೇರಿಸಿದಳು ಆ ಹುಡುಗಿ. "ಕೊಡಲ್ಲ."

"ಬೇಡ," ಅಂದಳು ಮೊಳೆ. ಬೇಕಾಗಿತ್ತು ಅವಳಿಗೆ, ಎಲ್ಲರಿಗೂ ಗೊತ್ತಾಯಿತು. "ಮೂಗು ವಾಸಿ ಆದ್ಮೇಲೆ ನಂಗೆ ಹೇಳು. ಸೀಟಿ ಇಟ್ಕೊಂಡು ಆಡೋಣ."

ಸಲಾಕೆ ಬಾಗಿಲ ಹತ್ತಿರ ಬಿದ್ದಿತ್ತು. ಚೌಕಟ್ಟಿಗೆ ಬಡಿದು ನಡುವೆ ಬಾಗಿತ್ತು. ಬೇಕರಿಯವನು ಅದನ್ನು ನೋಡಿ, "ಒಲೆ ಉರೀತಿದೆ ಅಲ್ಲಿ," ಅಂತ ಗೊಣಗಿದ. ಅಜ್ಜಿ ಮಾತಿಲ್ಲದೆ ಅದನ್ನೆತ್ತಿ ಬೆಂಕಿಗಿಟ್ಟಳು. ಸೊಸೆ ತಿದಿ ಒತ್ತಿದಳು. ಮಗನಿಗೆ ಕೈ ಎತ್ತಲಾಗದು. ಮೊಳೆ ತನ್ನ ಚಿಕ್ಕ ಚಮ್ಮಟಿಗೆ ತೆಗೆದುಕೊಂಡು, ಅಂಗೈಗೆ ಬಟ್ಟೆ ಸುತ್ತಿ ನಿಂತಳು.

ಸಲಾಕೆ ಕೆಂಪಾಯಿತು. ಅಜ್ಜಿ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು, ಬಾಗಿದ ಮಗ್ಗುಲು ಮೇಲೆ ಮಾಡಿದಳು. ಬಾಯಿ ತೆರೆದಳು. ಮುಚ್ಚಿಕೊಂಡಳು. ಬಾಗಿಲಲ್ಲಿದ್ದವರು, ಸ್ಟೂಲಿನ ಮೇಲಿದ್ದವನು, ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಕಬ್ಬಿಣ ಆರುತ್ತಿತ್ತು.

"ಹಾಕು," ಅಂದಳು ಅಜ್ಜಿ.

ಮೊಳೆ ನಿಂತೇ ಇದ್ದಳು.

"ಏ, ಹಾಕೇ!"

"ಎಲ್ಲಿ ಹಾಕ್ಲಿ ಅಜ್ಜಿ? ಏನು ಹಾಕ್ಲಿ?"

ಸ್ಟೂಲಿನ ಪಕ್ಕ ಕೆಸರಿನಲ್ಲಿ ಕೂತಿದ್ದ ಮಗನಿಗೆ ಮುರಿದ ಭುಜ ಅಲುಗಿ ನೋವಾಗುವಷ್ಟು ನಗು ಬಂತು. ಅಜ್ಜಿ ಸಲಾಕೆಯನ್ನು ಮತ್ತೆ ಬೆಂಕಿಗೆ ತಳ್ಳಿ, "ಇನ್ನೊಂದು ಸಲ ಕಾಯಿಸ್ಬೇಕು," ಅಂದಳು. "ಈ ಮಾತು ಇನ್ನೂ ಹದಕ್ಕೆ ಬಂದಿಲ್ಲ."